ಮೂರು ಒತ್ತಿನ ದಾಸವಾಳ

ಕಚೇರಿಯ ಮೇಜಿನ ಮೇಲಿರುವ ರಬ್ಬರ್ ಠಸ್ಸೆಯಷ್ಟು ನಿರ್ವಿಕಾರವಾದ ವಸ್ತು ಮತ್ತೊಂದಿರಲಾರದು. ಅರ್ಜಿ ಮಂಜೂರಾದರೂ ಅದೇ ಸದ್ದು, ತಿರಸ್ಕೃತವಾದರೂ ಅದೇ ಸದ್ದು. ಸ್ವಂತ ಬುದ್ಧಿಯನ್ನು ಬಳಸದೆ ಮೇಲಿನವರು ಹೇಳಿದುದಕ್ಕೆಲ್ಲ ಒಪ್ಪಿಗೆ ಕೊಡುವ ಮನುಷ್ಯನನ್ನು ‘ರಬ್ಬರ್ ಸ್ಟಾಂಪು’ ಎಂದು ಹಳಿಯುವ ವಾಡಿಕೆ ಸುಮ್ಮನೆ ಹುಟ್ಟಿದುದಲ್ಲ. ಇಂಥ ಉಪಕರಣವನ್ನು ಹಿಡಿದು ಶುಭಾಶಯ ಪತ್ರವನ್ನು ತಯಾರಿಸಿ, ಅದನ್ನು ಕೈಯಿಂದ ಮಾಡಿದುದೆಂದು ಹೇಳಿಕೊಳ್ಳುವುದು ಮೊದಲ ನೋಟಕ್ಕೆ ವಿಚಿತ್ರವಾಗಿಯೇ ತೋರುತ್ತದೆ. ಸಾವಿರ ಸಲ ಒತ್ತಿದರೂ ಒಂದೇ ಗುರುತನ್ನು ಮೂಡಿಸುವುದು ಠಸ್ಸೆಯ ಧರ್ಮ. ಇಂಥವರಿಗೆಂದೇ ಮಾಡಿದ್ದು ಎಂಬುದು ಶುಭಾಶಯದ ಧರ್ಮ. ಇವೆರಡಕ್ಕೂ ಹೊಂದಿಕೆ ಹೇಗೆ?

ಹೊಂದಿಕೆಯ ಗುಟ್ಟು ಪದರಗಳಲ್ಲಿದೆ. ಒಂದು ಹೂವನ್ನು ಒಂದೇ ಠಸ್ಸೆಯಿಂದ ಮೂಡಿಸಿದರೆ ಕೈಗೆ ಮಾಡಲು ಏನೂ ಉಳಿಯುವುದಿಲ್ಲ; ಗುಮಾಸ್ತರ ಕೆಲಸಕ್ಕೂ ಅದಕ್ಕೂ ಭೇದವಿಲ್ಲ. ಅದೇ ಹೂವನ್ನು ಮೂರಾಗಿ ಬಿಡಿಸಿ, ತಿಳಿ ಬಣ್ಣಕ್ಕೊಂದು, ನಡು ಬಣ್ಣಕ್ಕೊಂದು, ಗಾಢ ಬಣ್ಣಕ್ಕೊಂದು ಠಸ್ಸೆ ಮಾಡಿ, ಒಂದರ ಮೇಲೊಂದನ್ನು ಅದೇ ಜಾಗದಲ್ಲಿ ಕೂರಿಸತೊಡಗಿದೊಡನೆ ಕೆಲಸದ ಸ್ವರೂಪವೇ ಬದಲಾಗುತ್ತದೆ. ಎರಡನೆಯ ಒತ್ತು ಕೂದಲೆಳೆಯಷ್ಟು ಬಲಕ್ಕೆ ಸರಿದರೆ ಎಸಳಿನ ಅಂಚಿನಲ್ಲಿ ಬೆಳಕು ಬಿದ್ದಂತೆ ಕಾಣುತ್ತದೆ. ಎಡಕ್ಕೆ ಸರಿದರೆ ಹೂವು ತುಸು ಬಾಡಿದಂತೆ ಕಾಣುತ್ತದೆ. ಶಾಯಿ ಹೆಚ್ಚಾದರೆ ಒಂದು ಬಗೆ, ಕಡಿಮೆಯಾದರೆ ಇನ್ನೊಂದು. ಹತ್ತು ಕಾರ್ಡುಗಳನ್ನು ಮಾಡಿದರೆ ಒಂದೇ ಗಿಡದ ಹತ್ತು ಹೂವುಗಳಂತೆ ಅವು ಒಂದನ್ನೊಂದು ಹೋಲುತ್ತವೆಯೇ ಹೊರತು ಯಾವುದೂ ಇನ್ನೊಂದರ ನಕಲಲ್ಲ.

ಈ ವಿದ್ಯೆಗೂ ಹೊಸ ವರ್ಷದ ಶುಭಾಶಯಕ್ಕೂ ಇರುವ ನಂಟು ಬಹು ಹಳೆಯದು. ಜಪಾನಿನ ಎದೊ ನಗರದಲ್ಲಿ, ಎಂದರೆ ಇಂದಿನ ಟೋಕಿಯೋದಲ್ಲಿ, 1765ರ ಹೊಸ ವರ್ಷಕ್ಕೆ ಕಾವ್ಯಾಸಕ್ತರಾದ ಕೆಲವು ಅನುಕೂಲಸ್ಥರು ಚಿತ್ರಪಂಚಾಂಗಗಳನ್ನು ಮಾಡಿಸಿ ಗೆಳೆಯರಲ್ಲಿ ಹಂಚಿಕೊಂಡರು. ಅಲ್ಲಿನ ಪಂಚಾಂಗದಲ್ಲಿ 30 ದಿನಗಳ ದೊಡ್ಡ ತಿಂಗಳು ಯಾವುದು, 29 ದಿನಗಳ ಚಿಕ್ಕ ತಿಂಗಳು ಯಾವುದು ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತಿತ್ತು. ಪಂಚಾಂಗವನ್ನು ಅಚ್ಚುಹಾಕಿ ಮಾರುವ ಹಕ್ಕು ಪರವಾನಗಿ ಪಡೆದವರಿಗೆ ಮಾತ್ರ ಇದ್ದುದರಿಂದ, ಈ ರಸಿಕರು ತಿಂಗಳುಗಳ ಅಂಕಿಗಳನ್ನು ಚಿತ್ರದ ಸುಂದರಿಯ ಉಡುಪಿನ ವಿನ್ಯಾಸದಲ್ಲಿಯೋ ಮನೆಯ ಸಾಮಗ್ರಿಗಳಲ್ಲಿಯೋ ಅಡಗಿಸಿಡುತ್ತಿದ್ದರು. ಅವನ್ನು ಹುಡುಕಿ ತೆಗೆಯುವುದೇ ಉಡುಗೊರೆ ಪಡೆದವರಿಗೆ ಒಂದು ವಿನೋದ. ಇಂಥ ಚಿತ್ರಗಳನ್ನು ರಚಿಸಿದವರಲ್ಲಿ ಸುಜುಕಿ ಹರುನೊಬು ಮುಖ್ಯನಾದವನು. ಅದುವರೆಗೆ ಎರಡು ಮೂರು ಬಣ್ಣಗಳಲ್ಲಿಯೇ ತೃಪ್ತಿಪಡುತ್ತಿದ್ದ ಮುದ್ರಣ, ಗೆಳೆಯರ ನಡುವಿನ ಈ ಪೈಪೋಟಿಯಲ್ಲಿ ಹಲವು ಬಣ್ಣಗಳಿಗೆ ಏರಿತು. ಪ್ರತಿಯೊಂದು ಬಣ್ಣಕ್ಕೂ ಬೇರೆ ಬೇರೆ ಮರದ ಹಲಗೆ. ಜರತಾರಿ ಬಟ್ಟೆಯಷ್ಟು ಸೊಗಸೆಂಬ ಅರ್ಥದಲ್ಲಿ ಈ ಚಿತ್ರಗಳಿಗೆ ‘ನಿಶಿಕಿ-ಎ’ ಎಂಬ ಹೆಸರೇ ನಿಂತುಹೋಯಿತು.

ಅಷ್ಟೊಂದು ಹಲಗೆಗಳು ಒಂದೇ ಕಡೆ ಕೂರುತ್ತಿದ್ದುದು ಹೇಗೆಂಬುದು ಗಮನಿಸತಕ್ಕ ಅಂಶ. ಪ್ರತಿಯೊಂದು ಹಲಗೆಯಲ್ಲಿಯೂ ಒಂದು ಮೂಲೆಯಲ್ಲಿ ಕಾಗದದ ಮೂಲೆ ಸಿಕ್ಕಿಕೊಳ್ಳುವಂಥ ಮಡಿಕೆಯ ಗುರುತನ್ನೂ, ಅದೇ ಅಂಚಿನಲ್ಲಿ ಸ್ವಲ್ಪ ದೂರಕ್ಕೆ ನೇರವಾದ ಇನ್ನೊಂದು ಗುರುತನ್ನೂ ಕೆತ್ತುತ್ತಿದ್ದರು. ಇವಕ್ಕೆ ‘ಕೆಂತೊ’ ಎಂದು ಹೆಸರು. ಕಾಗದವನ್ನು ಈ ಎರಡು ಗುರುತುಗಳಿಗೆ ಆನಿಸಿ ಇಳಿಬಿಟ್ಟರೆ ಸಾಕು, ಹತ್ತನೆಯ ಬಣ್ಣವೂ ಮೊದಲನೆಯದರ ಮೇಲೆ ಸರಿಯಾಗಿ ಬೀಳುತ್ತದೆ. ನಮ್ಮ ದೇಶದ ಸಾಂಗಾನೇರ್, ಬಗ್ರು ಊರುಗಳ ಅಚ್ಚುಗಾರರು ಹೊರಗೆರೆಗೆ ಒಂದು, ಹಿನ್ನೆಲೆಗೆ ಒಂದು, ಒಳಗಿನ ಬಣ್ಣಕ್ಕೆ ಒಂದು ಎಂದು ಬೇರೆ ಬೇರೆ ಮರದ ಅಚ್ಚುಗಳನ್ನು ಬಟ್ಟೆಯ ಮೇಲೆ ಒತ್ತುವಾಗ ಅನುಸರಿಸುವುದೂ ಇಂಥದೇ ಗುರುತಿನ ಉಪಾಯವನ್ನು.

ಶುಭಾಶಯ ಪತ್ರದ ಇಂಗ್ಲಿಷ್ ಚರಿತ್ರೆಯೂ ಪದರದಿಂದಲೇ ಆರಂಭವಾಗುತ್ತದೆ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್, ಜಾನ್ ಕಾಲ್ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರನಿಂದ ಬರೆಸಿ ಸುಮಾರು ಸಾವಿರ ಪ್ರತಿ ಅಚ್ಚುಹಾಕಿಸಿದ ಕ್ರಿಸ್‌ಮಸ್ ಕಾರ್ಡಿನಲ್ಲಿ ಗೆರೆಗಳು ಮಾತ್ರ ಅಚ್ಚಿನವು. ಬಣ್ಣ ತುಂಬಿದುದು ಕೈಯಿಂದ. ಬೆಲೆ ಒಂದು ಷಿಲಿಂಗು. ಒಂದು ಪೆನ್ನಿಗೆ ಕಾಗದ ತಲುಪುತ್ತಿದ್ದ ಆ ದಿನಗಳಲ್ಲಿ ಅದು ಹನ್ನೆರಡು ಕಾಗದಗಳ ಅಂಚೆ ವೆಚ್ಚ! ಮುಂದೆ 1870ರ ದಶಕದಲ್ಲಿ ಬಾಸ್ಟನ್ ನಗರದ ಲೂಯಿ ಪ್ರಾಂಗ್ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಿನಂತೆ ಹಲವಾರು ಕಲ್ಲುಗಳಿಂದ ಮುದ್ರಿಸಿ ಅಮೆರಿಕದಲ್ಲಿ ಈ ಪತ್ರಗಳನ್ನು ಜನಪ್ರಿಯಗೊಳಿಸಿದನು.

ಇನ್ನು ರಬ್ಬರಿನ ಮಾತು. ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರಸಿ ಕಾಯಿಸಿದ ರಬ್ಬರಿಗೆ 1844ರಲ್ಲಿ ಪೇಟೆಂಟು ಪಡೆದ ಮೇಲೆ ಆ ವಸ್ತು ಬೇಸಿಗೆಯಲ್ಲಿ ಅಂಟಾಗುವುದನ್ನೂ ಚಳಿಗೆ ಬಿರಿಯುವುದನ್ನೂ ಬಿಟ್ಟಿತು. ದಂತವೈದ್ಯರು ಕಟ್ಟುಹಲ್ಲಿನ ತಳವನ್ನು ಅದರಿಂದ ಮಾಡುತ್ತಿದ್ದರು. ಅದಕ್ಕಾಗಿ ಅವರ ಬಳಿ ಒಂದು ಪುಟ್ಟ ಬೇಯಿಸುವ ಪಾತ್ರೆ ಇರುತ್ತಿತ್ತು. 1860ರ ದಶಕದಲ್ಲಿ ಅಮೆರಿಕದಲ್ಲಿ ರಬ್ಬರ್ ಠಸ್ಸೆಗಳು ಬಂದಾಗ ಅವನ್ನು ಬೇಯಿಸಿದುದು ಇಂಥ ಪಾತ್ರೆಗಳಲ್ಲಿಯೇ. ಒಂದೇ ಒಲೆಯಲ್ಲಿ ಹಲ್ಲೂ ಠಸ್ಸೆಯೂ ಬೆಂದುವೆಂಬುದು ನಗೆಯ ಸಂಗತಿಯಾದರೂ ನಿಜ.

ಚರಿತ್ರೆ ಇಷ್ಟು ಸಾಕು. ಮನೆಯಲ್ಲಿ ಇದನ್ನು ಮಾಡಿ ನೋಡಬಯಸುವವರಿಗೆ ಬೇಕಾಗುವ ಸಾಮಾನು ಬಹಳವಿಲ್ಲ. ಪುಸ್ತಕದಂಗಡಿಯಲ್ಲಿ ಸಿಗುವ, ಪೆನ್ಸಿಲ್ ಅಳಿಸುವ ದೊಡ್ಡ ಬಿಳಿಯ ರಬ್ಬರು ಮೂರು, ಒಂದೇ ಅಳತೆಯವು, ಚೂಪಾದ ಸಣ್ಣ ಚಾಕು, ಟ್ರೇಸಿಂಗ್ ಕಾಗದ, ಮೆತ್ತನೆಯ ಪೆನ್ಸಿಲು, ನುಣುಪಾದ ದಪ್ಪ ಕಾಗದ, ಎರಡೋ ಮೂರೋ ಬಣ್ಣದ ಶಾಯಿ ಪ್ಯಾಡುಗಳು. ಹೆಸರಿಗೆ ರಬ್ಬರಾದರೂ ಇಂದಿನ ಬಿಳಿಯ ರಬ್ಬರುಗಳಲ್ಲಿ ಬಹುಪಾಲು ವಿನೈಲ್ ಎಂಬ ಪ್ಲಾಸ್ಟಿಕ್ಕಿನವು. ಕೆತ್ತುವುದಕ್ಕೆ ಅದು ಬೆಣ್ಣೆಯಂತೆ ಹದವಾಗಿರುತ್ತದೆ. ಆದರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಗೆಯೇ ಇಟ್ಟರೆ ಕೆಲವು ದಿನಗಳಲ್ಲಿ ಡಬ್ಬಿಗೆ ಅಂಟಿಕೊಂಡು ಕೆತ್ತನೆಯೆಲ್ಲ ಹಾಳಾಗುವುದರಿಂದ, ಕಾಗದದಲ್ಲಿ ಸುತ್ತಿಡಬೇಕು.

ಶಾಯಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಕಚೇರಿಯ ನೇರಳೆ ಬಣ್ಣದ ಪ್ಯಾಡನ್ನು ತಂದು ಆರಂಭಿಸುವವರು ಉಂಟು. ಅದು ಕಾಗದದಲ್ಲಿ ಹರಡಿಕೊಂಡು ಉಳಿದ ಬಣ್ಣಗಳನ್ನೆಲ್ಲ ನುಂಗಿಬಿಡುತ್ತದೆ. ಕಲೆಯ ಕೆಲಸಕ್ಕೆಂದೇ ಮಾರುವ ಶಾಯಿಗಳಲ್ಲಿ ಎರಡು ಜಾತಿ. ಡೈ ಶಾಯಿ ನೀರಿನಂತೆ ಕಾಗದದೊಳಕ್ಕೆ ಇಳಿಯುತ್ತದೆ, ಬೇಗ ಆರುತ್ತದೆ, ಕೆಳಗಿನ ಬಣ್ಣವನ್ನು ಮುಚ್ಚದೆ ಅದರೊಡನೆ ಬೆರೆತಂತೆ ತೋರುತ್ತದೆ. ಪಿಗ್ಮೆಂಟ್ ಶಾಯಿ ಕಾಗದದ ಮೇಲೆಯೇ ಕುಳಿತು, ಕೆಳಗಿನದನ್ನು ಮರೆಮಾಡಿ, ನಿಧಾನವಾಗಿ ಆರುತ್ತದೆ. ಪದರದ ಕೆಲಸಕ್ಕೆ ಮೊದಲನೆಯದೇ ಉಚಿತ. ಕಪ್ಪು ಕಾಗದದ ಮೇಲೆ ಬಿಳಿಯ ಮಲ್ಲಿಗೆ ಬೇಕೆಂದರೆ ಮಾತ್ರ ಎರಡನೆಯದಿಲ್ಲದೆ ಸಾಗದು.

ದಾಸವಾಳವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಟ್ರೇಸಿಂಗ್ ಕಾಗದದ ಮೇಲೆ ರಬ್ಬರಿನ ಅಳತೆಯ ಚೌಕವನ್ನು ಎಳೆದು, ಅದರೊಳಗೆ ಹೂವನ್ನು ಪೂರ್ಣವಾಗಿ ಬರೆಯಬೇಕು. ಕಾಗದವನ್ನು ಬೋರಲಾಗಿಸಿ, ಚೌಕವು ರಬ್ಬರಿನ ಅಂಚುಗಳಿಗೆ ಸರಿಹೊಂದುವಂತಿಟ್ಟು ಉಗುರಿನಿಂದ ತಿಕ್ಕಿದರೆ ಚಿತ್ರ ತಿರುಗುಮುರುಗಾಗಿ ರಬ್ಬರಿನ ಮೇಲೆ ಮೂಡುತ್ತದೆ. ಪೆನ್ಸಿಲಿನಿಂದ ಮತ್ತೊಮ್ಮೆ ತಿದ್ದಿ ಎರಡನೆಯ ರಬ್ಬರಿಗೂ, ಹಾಗೆಯೇ ಮೂರನೆಯದಕ್ಕೂ ಅದೇ ಚಿತ್ರವನ್ನು ಇಳಿಸಬೇಕು. ಈಗ ಮೂರರಲ್ಲಿಯೂ ಒಂದೇ ಹೂವು, ಒಂದೇ ಜಾಗದಲ್ಲಿದೆ. ಮೂರರ ಬೆನ್ನಿಗೂ ‘ಮೇಲೆ’ ಎಂದು ಗುರುತು ಹಾಕುವುದನ್ನು ಮರೆತರೆ ಮುಂದೆ ಯಾವುದಾದರೂ ಒಂದು ತಲೆಕೆಳಗಾಗುವುದು ಖಂಡಿತ.

ಮೊದಲನೆಯ ರಬ್ಬರಿನಲ್ಲಿ ಹೂವಿನ ಒಟ್ಟು ಆಕಾರವನ್ನಷ್ಟೇ ಉಳಿಸಿ ಸುತ್ತಲಿನದನ್ನು ತೆಗೆದುಬಿಡಬೇಕು. ಒಳಗೆ ಒಂದು ಗೆರೆಯೂ ಬೇಡ. ಎರಡನೆಯದರಲ್ಲಿ ನೆರಳು ಬೀಳುವ ಜಾಗಗಳು ಮಾತ್ರ ಇರಬೇಕು, ಎಂದರೆ ಎಸಳು ಎಸಳಿನ ಮೇಲೆ ಏರುವ ಕಡೆ, ಹೂವಿನ ಗಂಟಲು, ಮುದುರಿದ ಅಂಚು. ಮೂರನೆಯದರಲ್ಲಿ ನರಗಳೂ, ಹೊರಕ್ಕೆ ಚಾಚಿದ ಆ ಉದ್ದನೆಯ ಕೇಸರದ ಕಂಬವೂ. ಕಷ್ಟವಿರುವುದು ಎರಡನೆಯದರಲ್ಲಿ. ಒಂದು ಹೂವನ್ನು ದಿನವೂ ದೇವರಿಗೆ ಏರಿಸುವವರು ಕೂಡ ಅದರ ನೆರಳು ಎಲ್ಲಿ ಬೀಳುತ್ತದೆಂಬುದನ್ನು ನೋಡಿರುವುದಿಲ್ಲ. ಅಂಗಳದ ಗಿಡದಿಂದ ಒಂದನ್ನು ಕಿತ್ತು ತಂದು, ಕಿಟಕಿಯ ಬಳಿ ಲೋಟದಲ್ಲಿಟ್ಟು, ಕಣ್ಣು ಅರೆಮುಚ್ಚಿ ನೋಡಿದರೆ ಬಣ್ಣ ಮರೆಯಾಗಿ ಬೆಳಕು ಮತ್ತು ನೆರಳು ಎರಡೇ ಉಳಿಯುತ್ತವೆ. ಚಿತ್ರ ಬರೆಯಲು ಬಾರದವರೂ ಹಾಗೆ ಕಂಡ ಕಪ್ಪು ಭಾಗವನ್ನು ಗುರುತಿಸಿಕೊಳ್ಳಬಲ್ಲರು.

ಕೆತ್ತುವಾಗ ಚಾಕು ಹೊರಮುಖವಾಗಿ ಓರೆಯಾಗಿರಲಿ. ಗೆರೆಯ ಬುಡ ಗುಡ್ಡದಂತೆ ಅಗಲವಾಗಿದ್ದರೆ ಒತ್ತಿದಾಗ ಮುರಿಯದು. ಒಳಮುಖವಾಗಿ ಕೊರೆದರೆ ಎರಡನೆಯ ಕಾರ್ಡಿಗೇ ಉದುರಿಹೋಗುತ್ತದೆ. ಎರಡು ಮೂರು ಮಿಲಿಮೀಟರ್ ಆಳ ಸಾಕು, ರಬ್ಬರಿನ ಬುಡದ ಚೌಕವನ್ನು ಹಾಗೆಯೇ ಬಿಡಬೇಕು. ಬಾಗಿದ ಗೆರೆ ಬಂದಾಗ ಚಾಕುವನ್ನು ತಿರುಗಿಸುವುದಲ್ಲ, ಎಡಗೈಯಲ್ಲಿರುವ ರಬ್ಬರನ್ನು ತಿರುಗಿಸುವುದು. ಮಕ್ಕಳಿಗೆ ಚಾಕು ಕೊಡದೆ, ಒತ್ತುವ ಕೆಲಸವನ್ನು ಬಿಟ್ಟುಕೊಡುವುದು ಕ್ಷೇಮ. ಅವರಿಗೆ ಅದರಲ್ಲಿಯೇ ಹೆಚ್ಚು ಖುಷಿ.

ಜಪಾನೀಯರ ಕೆಂತೊ ಗುರುತಿನ ಕೆಲಸವನ್ನು ಇಲ್ಲಿ ಒಂದು ರಟ್ಟು ಮಾಡುತ್ತದೆ. ಕಾರ್ಡಿನಷ್ಟೇ ಉದ್ದಗಲದ ರಟ್ಟಿನಲ್ಲಿ ರಬ್ಬರು ಬಿಗಿಯಾಗಿ ಕೂರುವಂಥ ಕಿಟಕಿಯನ್ನು ಕತ್ತರಿಸಿ, ಅದನ್ನು ಕಾರ್ಡಿನ ಮೇಲೆ ಅಂಚಿಗೆ ಅಂಚು ಸೇರುವಂತೆ ಇಡಬೇಕು. ಒಂದೊಂದಾಗಿ ಮೂರು ರಬ್ಬರುಗಳನ್ನು ಆ ಕಿಟಕಿಯಲ್ಲಿ ಇಳಿಸಿದರೆ ಮೂರೂ ಒಂದೇ ಕಡೆ ಬೀಳುತ್ತವೆ. ಕಾರ್ಡಿನ ಕೆಳಗೆ ನಾಲ್ಕಾರು ಮಡಿಕೆ ಹಳೆಯ ವೃತ್ತಪತ್ರಿಕೆ ಇರಲಿ. ಠಸ್ಸೆಯನ್ನು ಪ್ಯಾಡಿನಲ್ಲಿ ಅದ್ದದೆ, ಪ್ಯಾಡನ್ನೇ ಕೈಯಲ್ಲಿ ಹಿಡಿದು ಠಸ್ಸೆಯ ಮುಖಕ್ಕೆ ಹಗುರವಾಗಿ ತಟ್ಟಿದರೆ ಶಾಯಿ ಸಮನಾಗಿ ಹತ್ತುತ್ತದೆ. ನೇರವಾಗಿ ಇಳಿಸಿ, ಅಲುಗಿಸದೆ ಒತ್ತಿ, ನೇರವಾಗಿ ಎತ್ತಬೇಕು. ಕಚೇರಿಯಲ್ಲಿ ಮಾಡುವಂತೆ ದಡಕ್ಕನೆ ಬಡಿದರೆ ಅಂಚಿನ ಕೊಳೆಯೆಲ್ಲ ಕಾಗದಕ್ಕೆ ಬರುತ್ತದೆ.

ತಿಳಿಯಿಂದ ಗಾಢಕ್ಕೆ ಎಂಬುದು ಕ್ರಮ. ಮೊದಲನೆಯ ಪದರ ಎಷ್ಟು ತಿಳಿಯಾಗಿದ್ದರೂ ಸಾಲದು. ಹೊಸಬರ ಕಾರ್ಡುಗಳು ಕೆಡುವುದು ಬಹುಮಟ್ಟಿಗೆ ಇಲ್ಲಿಯೇ. ಮೊದಲ ಒತ್ತಿನಲ್ಲಿಯೇ ಹೂವು ಕೆಂಪೇರಿ ಕುಳಿತರೆ ಮುಂದಿನ ಎರಡಕ್ಕೆ ಮಾತನಾಡಲು ಎಡೆಯೆಲ್ಲಿ? ತಿಳಿಗೆಂಪಿನ ಪ್ಯಾಡು ಇಲ್ಲದವರಿಗೆ ಒಂದು ಸುಲಭೋಪಾಯವಿದೆ. ಕೆಂಪು ಶಾಯಿ ಹಚ್ಚಿದ ಠಸ್ಸೆಯನ್ನು ಮೊದಲು ರದ್ದಿ ಕಾಗದದ ಮೇಲೆ ಒಮ್ಮೆ ಒತ್ತಿ, ಮತ್ತೆ ಶಾಯಿ ಹಚ್ಚದೆ ಕಾರ್ಡಿನ ಮೇಲೆ ಒತ್ತಿದರೆ ಅದೇ ಕೆಂಪು ಗುಲಾಬಿಯಾಗಿ ಇಳಿಯುತ್ತದೆ. ಒಂದೇ ಪ್ಯಾಡಿನಿಂದ ಎರಡು ಬಣ್ಣ ಲಭಿಸಿದಂತಾಯಿತು. ಯುಗಾದಿಯ ಕಾರ್ಡಿಗೆ ಮಾವಿನೆಲೆ ಮಾಡುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು: ಎಲೆಯನ್ನೆಲ್ಲ ಹಳದಿಯಲ್ಲಿ ಒತ್ತಿ, ನರಗಳನ್ನು ಕೊರೆದು ತೆಗೆದ ಎರಡನೆಯ ಠಸ್ಸೆಯನ್ನು ತಿಳಿನೀಲಿಯಲ್ಲಿ ಅದರ ಮೇಲೆ ಒತ್ತಿದರೆ, ಎಲೆ ಹಸುರಾಗಿ ನರಗಳು ಹಳದಿಯಾಗಿಯೇ ಉಳಿಯುತ್ತವೆ. ಹಸುರು ಪ್ಯಾಡಿನ ಅಗತ್ಯವೇ ಇಲ್ಲ.

ಒಂದರ ಹಿಂದೆ ಒಂದು ಹೂವು ಅಡಗಿರುವಂತೆ ಗೊಂಚಲು ಮಾಡಬೇಕಾದರೆ ಕ್ರಮ ತಲೆಕೆಳಗಾಗುತ್ತದೆ. ಮುಂದಿರುವ ಹೂವನ್ನು ಮೊದಲು ಒತ್ತಬೇಕು. ಅದೇ ಹೂವನ್ನು ತೆಳು ಕಾಗದದ ಮೇಲೂ ಒತ್ತಿ, ಅಂಚಿಗೆ ಸರಿಯಾಗಿ ಕತ್ತರಿಸಿ, ಆ ಕಾಗದದ ಹೂವನ್ನು ಕಾರ್ಡಿನ ಹೂವಿನ ಮೇಲೆ ಮುಚ್ಚಿ, ಹಿಂದಿನದನ್ನು ಅದರ ಮೇಲೆ ಹಾಯುವಂತೆ ಒತ್ತಬೇಕು. ಮುಚ್ಚಳ ತೆಗೆದರೆ ಎರಡನೆಯ ಹೂವು ಸಂಕೋಚದಿಂದ ಹಿಂದೆ ನಿಂತಿರುತ್ತದೆ.

ಕನ್ನಡ ಅಕ್ಷರಗಳನ್ನು ಕೆತ್ತುವ ಆಸೆ ಎಲ್ಲರಿಗೂ ಬರುತ್ತದೆ, ಬರಬೇಕಾದುದೇ. ಟ್ರೇಸಿಂಗ್ ಕಾಗದದ ಮೇಲೆ ನೆಟ್ಟಗೆ ಬರೆದು ಬೋರಲು ತಿಕ್ಕಿದರೆ ತಿರುಗುಮುರುಗಾಗುವ ತೊಡಕು ತಾನಾಗಿಯೇ ಪರಿಹಾರವಾಗುತ್ತದೆ. ನೇರ ಗೆರೆಗಳ ಇಂಗ್ಲಿಷ್ ಅಕ್ಷರಗಳಿಗಿಂತ ದುಂಡನೆಯ ನಮ್ಮ ಅಕ್ಷರಗಳು ಕಷ್ಟವೆಂದು ಹೆದರುವ ಕಾರಣವಿಲ್ಲ. ರಬ್ಬರನ್ನು ತಿರುಗಿಸುತ್ತ ಕೆತ್ತುವವರಿಗೆ ದುಂಡು ಗೆರೆಯೇ ಸಲೀಸು. ತೊಂದರೆ ಕೊಡುವವು ಒತ್ತಕ್ಷರಗಳು. ‘ಸಂಕ್ರಾಂತಿ’ಯ ಕಾಲಿನಲ್ಲಿರುವ ಚಿಕ್ಕ ಗುರುತು ಚಾಕುವಿಗೆ ಸಿಕ್ಕಿ ಹಾರಿಹೋಗುವುದೇ ಹೆಚ್ಚು. ಮೊದಲ ಸಲಕ್ಕೆ ‘ಶುಭಾಶಯ’ ಎಂಬ ಪದವನ್ನು ಆರಿಸಿಕೊಳ್ಳುವುದು ಜಾಣತನ. ನಾಲ್ಕು ಅಕ್ಷರ, ಒತ್ತು ಒಂದೂ ಇಲ್ಲ.

ಇಷ್ಟೆಲ್ಲ ಶ್ರಮವೇತಕ್ಕೆ, ಪದರಗಳನ್ನು ಮೊದಲೇ ವಿಂಗಡಿಸಿದ ಠಸ್ಸೆಗಳ ಕಟ್ಟು ಅಂಗಡಿಯಲ್ಲಿ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಸಿಗುತ್ತದೆ, ನಿಜ. ಪಾರದರ್ಶಕ ಪಾಲಿಮರಿನ ಆ ಠಸ್ಸೆಗಳನ್ನು ಗಾಜಿನಂಥ ಅಕ್ರಿಲಿಕ್ ತುಂಡಿಗೆ ಅಂಟಿಸಿದರೆ ಕೆಳಗಿನ ಚಿತ್ರ ಕಣ್ಣಿಗೆ ಕಾಣುವುದರಿಂದ ಹೊಂದಿಸುವುದು ಬಹಳ ಸುಲಭ. ಕೈ ನಡುಗುವ ವೃದ್ಧರಿಗೆ ಅವು ವರವೇ ಸರಿ. ಆದರೆ ಆ ಕಟ್ಟುಗಳಲ್ಲಿ ಹೆಚ್ಚಾಗಿ ಬರುವುದು ಗುಲಾಬಿ, ಡ್ಯಾಫೊಡಿಲ್, ಹಿಮದ ಹಳಕು, ಕೊಂಬಿನ ಜಿಂಕೆ. ಸಂಪಿಗೆಯನ್ನೋ ಪಾರಿಜಾತವನ್ನೋ ಹುಡುಕುವವರು ಬರಿಗೈಯಲ್ಲಿ ಮರಳುವುದೇ ಹೆಚ್ಚು. ಹಿಮವನ್ನೇ ಕಾಣದ ಊರಿನಿಂದ ಹಿಮದ ಚಿತ್ರವನ್ನು ಕಳಿಸುವುದರಲ್ಲಿ ತಪ್ಪೇನೂ ಇಲ್ಲ; ಕಳಿಸಿದವರ ಅಂಗಳ ಮಾತ್ರ ಅದರಲ್ಲಿ ಇರುವುದಿಲ್ಲ. ಮೇಲಾಗಿ, ನೆರಳು ಎಲ್ಲಿ ಬೀಳಬೇಕೆಂಬುದನ್ನು ಬೇರೆ ಯಾರೋ ಎಂದೋ ನಿರ್ಧರಿಸಿಬಿಟ್ಟಿರುವಾಗ, ಕೈಗೆ ಮತ್ತೆ ಗುಮಾಸ್ತಿಕೆಯೇ ಗತಿ.

ಕಳಿಸುವ ಪದ್ಧತಿ ಎಲ್ಲೆಡೆಯೂ ಇಳಿಮುಖವಾಗಿದೆಯೆಂಬುದನ್ನು ಒಪ್ಪಿಕೊಳ್ಳಬೇಕು. ಹೊಸ ವರ್ಷದ ಅಂಚೆ ಕಾರ್ಡನ್ನು ಮನೆಮನೆಯ ವ್ರತವಾಗಿಸಿಕೊಂಡಿದ್ದ, ಮಕ್ಕಳು ಆಲೂಗೆಡ್ಡೆಯನ್ನೂ ಅಳಿಸುವ ರಬ್ಬರನ್ನೂ ಕೊರೆದು ಠಸ್ಸೆ ಮಾಡುವ ಜಪಾನಿನಲ್ಲಿಯೇ ನೋಡಬಹುದು: 2004ರ ಹೊಸ ವರ್ಷಕ್ಕೆ 440 ಕೋಟಿಗೂ ಹೆಚ್ಚು ಕಾರ್ಡುಗಳನ್ನು ಹೊರಡಿಸಿದ ಅಂಚೆ ಇಲಾಖೆ 2025ಕ್ಕೆ ಮೊದಲ ಕಂತಿನಲ್ಲಿ ಮುದ್ರಿಸಿದುದು ಸುಮಾರು 107 ಕೋಟಿ. ಮನೆಯಲ್ಲಿಯೇ ಬಣ್ಣದ ಕಾರ್ಡು ಮಾಡಿಕೊಳ್ಳಲೆಂದು 1977ರಲ್ಲಿ ಅಲ್ಲಿ ಬಂದಿದ್ದ ‘ಪ್ರಿಂಟ್ ಗೊಕ್ಕೊ’ ಎಂಬ ಪುಟ್ಟ ಯಂತ್ರದ ಮಾರಾಟ 2008ರಲ್ಲಿ ನಿಂತಿತು. ಕುಸುರೆಳ್ಳಿನ ಪೊಟ್ಟಣವನ್ನು ಶುಭಾಶಯ ಪತ್ರದೊಡನೆ ಅಂಚೆಗೆ ಹಾಕುತ್ತಿದ್ದ ಉತ್ತರ ಕರ್ನಾಟಕದ ಮನೆಗಳಲ್ಲಿಯೂ ಈಗ ಸಂಕ್ರಾಂತಿಯ ಬೆಳಗ್ಗೆ ಸದ್ದುಮಾಡುವುದು ಫೋನು. ಅದರಲ್ಲಿ ಬರುವ ಎಳ್ಳುಬೆಲ್ಲದ ಚಿತ್ರ ಹತ್ತು ಮನೆ ಸುತ್ತಿ ಬಂದುದು. ಅದೇ ಗಳಿಗೆಯಲ್ಲಿ ಹನ್ನೊಂದನೆಯದಕ್ಕೆ ಹೊರಟುಹೋಗುತ್ತದೆ. ಹಾಗೆಂದ ಮಾತ್ರಕ್ಕೆ ಕಳಿಸಿದವರಲ್ಲಿ ಪ್ರೀತಿ ಇಲ್ಲವೆಂದು ಯಾರೂ ಹೇಳಲಾರರು. ಪ್ರೀತಿ ಎಲ್ಲಿದೆಯೆಂದು ತೋರಿಸಲು ಅದರಲ್ಲಿ ಜಾಗವಿಲ್ಲ, ಅಷ್ಟೇ.

ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಕಣ್ಣು ಮಂದವಾದ ಅಜ್ಜಿಯೊಬ್ಬರಿದ್ದಾರೆಂದು ಭಾವಿಸೋಣ. ಫೋನಿನ ಚಿತ್ರ ಅವರ ಪಾಲಿಗೆ ಬರಿಯ ಬೆಳಕಿನ ಚೌಕ. ಅಂಥವರಿಗೆ ಕಳಿಸುವ ಕಾರ್ಡಿನಲ್ಲಿ ಮೂರನೆಯ ಪದರವನ್ನು ಪಿಗ್ಮೆಂಟ್ ಶಾಯಿಯಲ್ಲಿ ಒತ್ತಿ, ಅದು ಹಸಿಯಾಗಿರುವಾಗಲೇ ಎಂಬಾಸಿಂಗ್ ಪುಡಿಯನ್ನು ಉದುರಿಸಿ, ಹೆಚ್ಚಾದುದನ್ನು ಕೊಡವಿ, ಬಿಸಿ ತಾಗಿಸಬೇಕು. ಪುಡಿ ಕರಗಿ ಗೆರೆಗಳು ಉಬ್ಬಿ ನಿಲ್ಲುತ್ತವೆ. ಕೂದಲು ಒಣಗಿಸುವ ಯಂತ್ರ ಈ ಕೆಲಸಕ್ಕೆ ಬಾರದು. ಅದರ ಬಿಸಿ ಸಾಲದು, ಗಾಳಿಗೆ ಪುಡಿಯೇ ಹಾರಿಹೋಗುತ್ತದೆ. ಅದಕ್ಕೆಂದೇ ಮಾರುವ ಬಿಸಿಗಾಳಿಯ ಉಪಕರಣವಿಲ್ಲದಿದ್ದರೆ, ಕಾದ ದೋಸೆಯ ಕಾವಲಿಯನ್ನು ಒಲೆಯಿಂದ ಇಳಿಸಿ, ಅದರಿಂದ ತುಸು ಮೇಲಕ್ಕೆ, ಚಿತ್ರದ ಮುಖ ಮೇಲಾಗಿರುವಂತೆ ಕಾರ್ಡನ್ನು ಚಿಮುಟದಲ್ಲಿ ಹಿಡಿಯಬಹುದು. ದೊಡ್ಡವರು ಮಾತ್ರ ಮಾಡತಕ್ಕ ಕೆಲಸವಿದು. ಪುಡಿ ಮಿನುಗಿದೊಡನೆ ತೆಗೆಯಬೇಕು, ತಡವಾದರೆ ಕಾಗದ ಕಂದುತ್ತದೆ. ಆ ಉಬ್ಬುಗೆರೆಗಳ ಮೇಲೆ ಬೆರಳಾಡಿಸಿದರೆ ಐದು ಎಸಳು, ನಡುವೆ ಕೇಸರದ ಕಂಬ. ದಾಸವಾಳವೆಂದು ತಿಳಿಯಲು ಕಣ್ಣು ಬೇಕಾಗಿಲ್ಲ.

ಲಕೋಟೆಗೆ ಹಾಕುವ ಮುನ್ನ ಪಿಗ್ಮೆಂಟ್ ಶಾಯಿಯ ಕಾರ್ಡನ್ನು ಒಂದು ಇಡೀ ದಿನ ಆರಲು ಬಿಡುವುದು ಒಳ್ಳೆಯದು. ಚಿತ್ರದ ಮೇಲೆ ತೆಳುವಾದ ಬಿಳಿಯ ಕಾಗದವನ್ನೊಂದು ಇಟ್ಟು ಮಡಿಸಬೇಕು. ಉಬ್ಬು ಇರುವ ಭಾಗ ಅಂಚೆ ಚೀಟಿಯ ನೇರಕ್ಕೆ ಬಾರದಂತೆ ಕಾರ್ಡನ್ನು ತಿರುಗಿಸಿಡಲಿ. ಅಂಚೆಯವರು ತಮ್ಮ ತಾರೀಖಿನ ಠಸ್ಸೆಯನ್ನು ಮೃದುವಾಗಿ ಒತ್ತುವವರಲ್ಲ.